ಒಂದು ಪತ್ರದ ಭಾರ: ಅಮೆರಿಕದ ಥೆರಪಿಸ್ಟರೂ ಆಸರೆಯ ಪ್ರಾಣಿಗಳೂ

ಅಮೆರಿಕದ ಥೆರಪಿಸ್ಟರಿಗೆ ತೀರಾ ಪರಿಚಿತವಾದ ಕೋರಿಕೆಯೊಂದಿದೆ. ಮಾತುಕತೆಯ ಅವಧಿ ಇನ್ನೇನು ಮುಗಿಯಬೇಕು ಎನ್ನುವಾಗ ಎದುರಿಗಿರುವವರು ಮನೆ ಮಾಲೀಕರ ನಮೂನೆಯನ್ನು ಮೇಜಿನ ಮೇಲಿಟ್ಟು, ತಮ್ಮ ಮಾನಸಿಕ ಆರೋಗ್ಯಕ್ಕೆ ಬೆಕ್ಕು ಅಗತ್ಯವೆಂದು ಪತ್ರ ಬರೆದುಕೊಡಿ ಎನ್ನುತ್ತಾರೆ. ಬರೆದುಕೊಟ್ಟರೆ ಸಾಕುಪ್ರಾಣಿಗೆಂದು ಕೊಡಬೇಕಾದ ಹೆಚ್ಚುವರಿ ಠೇವಣಿ, ಬಾಡಿಗೆಗಳ ಹಣ ಅವರಿಗೆ ಉಳಿಯುತ್ತದೆ, ನಿರಾಕರಿಸಿದರೆ ತಿಂಗಳುಗಟ್ಟಲೆ ಕಟ್ಟಿದ ನಂಬಿಕೆ ಅಲುಗಾಡುತ್ತದೆ. ಸಾಕ್ಷಿ ಹೇಳುವ ಈ ಕೆಲಸ ಚಿಕಿತ್ಸಕರ ಹೆಗಲೇರಿದ್ದು ಅವರು ಬಯಸಿದ್ದಕ್ಕಲ್ಲ, ಕಾನೂನು ಹಾಗೆ ಬೆಳೆದದ್ದಕ್ಕೆ.

ಮೊದಲಿಗೆ ವಿಷಯ ಸರಳವಾಗಿತ್ತು. 1928ರಲ್ಲಿ ಅಂಧ ಯುವಕ ಮೋರಿಸ್ ಫ್ರಾಂಕ್ ಸ್ವಿಟ್ಜರ್‌ಲೆಂಡಿನಲ್ಲಿ ತರಬೇತಾದ ಬಡ್ಡಿ ಎಂಬ ನಾಯಿಯೊಂದಿಗೆ ಅಮೆರಿಕಕ್ಕೆ ಮರಳಿದರು. ಮರುವರ್ಷ ದಾರಿತೋರುವ ನಾಯಿಗಳ ಶಾಲೆ ಶುರುವಾಯಿತು. ಆ ನಾಯಿ ಏನು ಮಾಡುತ್ತದೆ ಎಂಬುದು ರಸ್ತೆ ದಾಟುವಾಗ ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಯಾರ ಪತ್ರವೂ ಬೇಕಿರಲಿಲ್ಲ. 1990ರ ಅಂಗವಿಕಲರ ಕಾಯ್ದೆಯ ನಿಲುವೂ ಇದೇ. 2010ರಲ್ಲಿ ಪರಿಷ್ಕೃತವಾದ ನಿಯಮಗಳು ನಿರ್ದಿಷ್ಟ ಕೆಲಸಕ್ಕೆ ತರಬೇತಾದ ನಾಯಿಯನ್ನು ಮಾತ್ರ ಸೇವಾ ಪ್ರಾಣಿ ಎಂದವು (ಗಿಡ್ಡ ತಳಿಯ ಕುದುರೆಗೆ ಪ್ರತ್ಯೇಕ ಅವಕಾಶವಿದೆ, ಇದು ತಮಾಷೆಯಲ್ಲ). ನಾಯಿ ಜೊತೆಗಿದ್ದು ಸಮಾಧಾನ ಕೊಡುವುದು ಅಂಥ ಕೆಲಸವಲ್ಲ. ಗಾಬರಿಯ ಆಘಾತ ಬರುವುದನ್ನು ಗ್ರಹಿಸಿ ಕಲಿತ ಕ್ರಮದಲ್ಲಿ ನೆರವಾದರೆ ಅದು ಕೆಲಸ. ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ನಾಯಿ ಅಂಗವೈಕಲ್ಯದ ಕಾರಣಕ್ಕೆ ಅಗತ್ಯವೇ, ಯಾವ ಕೆಲಸ ಕಲಿತಿದೆ. ದಾಖಲೆ ಕೇಳುವಂತಿಲ್ಲ.

ಮನೆ ಮತ್ತು ವಿಮಾನದ ಕಾನೂನುಗಳು ಬೇರೆ ದಾರಿ ಹಿಡಿದವು. 1988ರಲ್ಲಿ ತಿದ್ದುಪಡಿಯಾದ ವಸತಿ ಕಾಯ್ದೆಯಡಿ, ತರಬೇತಿಯಿಲ್ಲದಿದ್ದರೂ ಜೊತೆಗಿದ್ದು ಮನಸ್ಸಿಗೆ ಸಮಾಧಾನ ಕೊಡುವ ಪ್ರಾಣಿಗೂ, ಅಂದರೆ ಆಸರೆಯ ಪ್ರಾಣಿಗೂ, ಮನೆ ಮಾಲೀಕರ ಸಾಕುಪ್ರಾಣಿ ನಿಯಮಗಳಿಂದ ರಿಯಾಯಿತಿ ಸಿಗಬಲ್ಲದು. ವಿಮಾನಯಾನದಲ್ಲಿ ಸಾರಿಗೆ ಇಲಾಖೆ 2003ರಲ್ಲಿ ಅಂಥ ಪ್ರಾಣಿಗಳನ್ನು ಒಪ್ಪಿಕೊಂಡು, 2008ರ ನಿಯಮದಲ್ಲಿ ಪರವಾನಗಿ ಪಡೆದ ಮಾನಸಿಕ ಆರೋಗ್ಯ ವೃತ್ತಿಪರರಿಂದ ಒಂದು ವರ್ಷದೊಳಗಿನ ಪತ್ರವನ್ನು ಕೇಳಲು ವಿಮಾನ ಕಂಪನಿಗಳಿಗೆ ಅವಕಾಶ ಕೊಟ್ಟಿತು. ದುರುಪಯೋಗ ತಡೆಯಲೆಂದು ಇಟ್ಟ ಈ ಬಾಗಿಲೇ ಸಂತೆಯಾಯಿತು. ಪ್ರಶ್ನಾವಳಿ ತುಂಬಿ ಹಣ ಕಟ್ಟಿದರೆ ಪತ್ರ ಕಳಿಸುವ ಜಾಲತಾಣಗಳು ಹುಟ್ಟಿಕೊಂಡವು. ವಿಮಾನ ಕಂಪನಿಗಳ ಸಂಘದ ಲೆಕ್ಕದಲ್ಲಿ ಆಸರೆಯ ಪ್ರಾಣಿಗಳ ಪ್ರಯಾಣ 2016ರಲ್ಲಿ 4.81 ಲಕ್ಷವಿದ್ದದ್ದು 2017ರಲ್ಲಿ 7.51 ಲಕ್ಷಕ್ಕೇರಿತು. 2018ರ ಜನವರಿಯಲ್ಲಿ ನೆವಾರ್ಕ್ ನಿಲ್ದಾಣದಲ್ಲಿ ಆಸರೆಯ ಪ್ರಾಣಿಯೆಂದು ತಂದಿದ್ದ ನವಿಲೊಂದಕ್ಕೆ ವಿಮಾನ ಹತ್ತಲು ಬಿಡದ ಸುದ್ದಿಗೆ ಜಗತ್ತು ನಕ್ಕಿತು. ನಗೆಯಲ್ಲಿ ಪಾಲ್ಗೊಳ್ಳಲಾಗದವರೆಂದರೆ ಅಶಿಸ್ತಿನ ಪ್ರಾಣಿಗಳ ನಡುವೆ ತಮ್ಮ ಮಾರ್ಗದರ್ಶಿ ನಾಯಿಯನ್ನು ಕಾಪಾಡಿಕೊಳ್ಳಬೇಕಾಗಿದ್ದ ಅಂಧ ಪ್ರಯಾಣಿಕರು.

ವೃತ್ತಿಯ ಒಳಗಿನ ವಾದ ಹರಿತವಾದದ್ದು 2016ರಲ್ಲಿ, ಮನಶ್ಶಾಸ್ತ್ರಜ್ಞ ಜೆಫ್ರಿ ಯಂಗ್ರೆನ್ ಮತ್ತು ಸಂಗಡಿಗರ ಲೇಖನದಿಂದ. ಚಿಕಿತ್ಸೆ ಕೊಡುವವರು ಈ ಪತ್ರ ಬರೆಯಬಾರದು ಎಂಬುದು ಅವರ ನಿಲುವು. ಚಿಕಿತ್ಸಕರು ಎದುರಿಗಿರುವವರ ಮಾತನ್ನು ನಂಬಿ, ಅವರ ಪಕ್ಷದಲ್ಲಿ ನಿಂತು ಕೆಲಸ ಮಾಡುತ್ತಾರೆ. ಅಂಗವೈಕಲ್ಯವನ್ನು ಪ್ರಮಾಣೀಕರಿಸುವವರು ಅದೇ ಮಾತನ್ನು ಅನುಮಾನದಿಂದ ಒರೆಗೆ ಹಚ್ಚಬೇಕು. ಮನಶ್ಶಾಸ್ತ್ರಜ್ಞ ಗ್ರೀನ್‌ಬರ್ಗ್ ಮತ್ತು ಕಾನೂನು ಪ್ರಾಧ್ಯಾಪಕ ಶೂಮನ್ 1997ರಲ್ಲೇ ನ್ಯಾಯಾಲಯದ ಸಾಕ್ಷ್ಯದ ಸಂದರ್ಭದಲ್ಲಿ ಗುರುತಿಸಿದ್ದ ಪಾತ್ರಗಳ ತಿಕ್ಕಾಟವಿದು. ಇದಕ್ಕಿಂತ ಸರಳವಾದ ಇನ್ನೊಂದು ತೊಡಕೂ ಇದೆ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ: ಸಾಕಷ್ಟು ಆಧಾರವಿಲ್ಲದೆ ಅಭಿಪ್ರಾಯ ಕೊಡಬಾರದೆಂದು ಮನಶ್ಶಾಸ್ತ್ರಜ್ಞರ ನೀತಿ ಸಂಹಿತೆ ಹೇಳುತ್ತದೆ, ಆದರೆ ಪತ್ರ ಬರೆಯುವ ಬಹಳಷ್ಟು ಮಂದಿ ಆ ಪ್ರಾಣಿಯನ್ನು ನೋಡಿಯೂ ಇರುವುದಿಲ್ಲ. ಖಿನ್ನತೆ ಇದೆ ಎನ್ನುವುದು ಒಂದು, ಅದು ದೈನಂದಿನ ಬದುಕನ್ನು ಗಣನೀಯವಾಗಿ ಕುಂಠಿತಗೊಳಿಸಿದೆ ಎನ್ನುವುದು ಇನ್ನೊಂದು, ಈ ನಾಯಿ ಇಲ್ಲದೆ ಆಗದು ಎನ್ನುವುದು ಮತ್ತೂ ಬೇರೆ.

2020ರ ಡಿಸೆಂಬರಿನ ನಿಯಮ ಆಸರೆಯ ಪ್ರಾಣಿಗಳಿಗೆ ವಿಮಾನದಲ್ಲಿದ್ದ ವಿಶೇಷ ಹಕ್ಕನ್ನು ತೆಗೆದುಹಾಕಿತು. ಅದು 2021ರ ಜನವರಿ 11ರಿಂದ ಜಾರಿಗೆ ಬಂತು. ಆಸರೆಯ ನಾಯಿಯ ವಿಷಯದಲ್ಲಿ ಪತ್ರ ಕೊಡುವ ಮುನ್ನ ಕನಿಷ್ಠ 30 ದಿನಗಳ ಚಿಕಿತ್ಸಾ ಸಂಬಂಧವಿರಬೇಕೆಂದು ಕ್ಯಾಲಿಫೋರ್ನಿಯಾ 2022ರಿಂದ ವಿಧಿಸಿದೆ. ಇದು ಪತ್ರದ ವ್ಯಾಪಾರಿಗಳಿಗೆ ತಡೆಯೊಡ್ಡುತ್ತದೆ, ಆದರೆ ಪತ್ರವನ್ನು ಮತ್ತೆ ಚಿಕಿತ್ಸಕರ ಕೈಗೇ ತಳ್ಳುತ್ತದೆ. ಯಂಗ್ರೆನ್ ಹೇಳಿದಂತೆ ಬೇರೊಬ್ಬ ತಟಸ್ಥ ಪರೀಕ್ಷಕರ ಬಳಿ ಕಳಿಸಬಹುದು. ಆದರೆ ಸಾಕುಪ್ರಾಣಿಯ ಠೇವಣಿಯನ್ನೇ ಕಟ್ಟಲಾಗದವರು ಆ ಪರೀಕ್ಷೆಯ ಶುಲ್ಕವನ್ನು ಎಲ್ಲಿಂದ ತರಬೇಕು?