ಚಂಡಮಾರುತ ಬರುತ್ತಿದ್ದರೂ ಮನೆ ಬಿಡದವರು: ನಮ್ಮ ಓದಿನ ಗುಂಪಿಗೆ ಒಂದು ಟಿಪ್ಪಣಿ

ಹೋದ ವಾರ ದಾವಣಗೆರೆಯಲ್ಲಿ ನಮ್ಮ ಗುಂಪು ಸೇರಿದಾಗ ವಿಪತ್ತು ನಿರ್ವಹಣೆಯ ಒಂದು ಪ್ರಶ್ನೆ ಬಿಡಿಸಲು ಕೂತಿದ್ದೆವು. ಮುನ್ನೆಚ್ಚರಿಕೆ ಕೊಟ್ಟರೂ ಜನ ಯಾಕೆ ಜಾಗ ಬಿಡುವುದಿಲ್ಲ ಅನ್ನೋ ಪ್ರಶ್ನೆ. ಐವರಲ್ಲಿ ನಾಲ್ವರು ಮೊದಲ ಸಾಲಿನಲ್ಲೇ 'ಅಜ್ಞಾನ, ಹಟ, ಮೂಢನಂಬಿಕೆ' ಅಂತ ಬರೆದಿದ್ದೆವು. ಬರೆದು ಪೆನ್ನು ಕೆಳಗಿಟ್ಟ ಮೇಲೆ ನನಗೆ ಹರಿಹರದ ಅತ್ತೆ ನೆನಪಾದರು. ಅವರನ್ನು ಅಜ್ಞಾನಿ ಅನ್ನೋಕೆ ಬಾಯಿ ಬರಲಿಲ್ಲ. ಅದಕ್ಕೇ ಈ ಟಿಪ್ಪಣಿ.

ಹೆಸರಿನ ಗೊಂದಲ ಮೊದಲು ಮುಗಿಸಿಬಿಡೋಣ. ಅಟ್ಲಾಂಟಿಕ್ ಕಡೆ ಹರಿಕೇನ್, ನಮ್ಮ ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್, ಜಪಾನ್ ಕಡೆ ಟೈಫೂನ್. ಮೂರೂ ಒಂದೇ ಜಾತಿ. ಅಮೆರಿಕದಲ್ಲಿ ಗಾಳಿ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಹರಿಕೇನ್ ಅಂತ ಕರೆಯುತ್ತಾರೆ. ಅಲ್ಲಿಂದ ಮೇಲೆ ಒಂದರಿಂದ ಐದರವರೆಗೆ ದರ್ಜೆ. ಈ ಲೆಕ್ಕಕ್ಕೆ ಸಾಫಿರ್-ಸಿಂಪ್ಸನ್ ಮಾಪಕ ಅಂತ ಹೆಸರು.

ಈ ಮಾಪಕದಲ್ಲೇ ಒಂದು ತೊಡಕಿದೆ. ಅದು ಅಳೆಯುವುದು ಗಾಳಿಯನ್ನು ಮಾತ್ರ. ಅಲ್ಲಿ ಜನ ಜಾಸ್ತಿ ಸಾಯುವುದು ನೀರಿನಿಂದ. ಗಾಳಿ ಗಂಟೆಗಟ್ಟಲೆ ಸಮುದ್ರದ ನೀರನ್ನು ದಡದ ಕಡೆ ತಳ್ಳುತ್ತದೆ, ಆ ನೀರು ಊರೊಳಗೆ ನುಗ್ಗುತ್ತದೆ. ಇದನ್ನೇ ಚಂಡಮಾರುತದ ಉಬ್ಬರ ಅನ್ನುವುದು. ಉಬ್ಬರ ಎಷ್ಟು ಎತ್ತರಕ್ಕೆ ಬರುತ್ತದೆ ಅನ್ನುವುದು ಗಾಳಿಯ ವೇಗವೊಂದರ ಮೇಲೇ ನಿಂತಿಲ್ಲ. ಚಂಡಮಾರುತ ಎಷ್ಟು ಅಗಲ ಇದೆ, ದಡದ ಹತ್ತಿರ ಸಮುದ್ರ ಎಷ್ಟು ಆಳ ಇದೆ, ಇವೆಲ್ಲ ಸೇರುತ್ತವೆ.

ಇದು ಯಾಕೆ ಮುಖ್ಯ ಅಂದರೆ, ಅಮೆರಿಕದ ಮಿಸಿಸಿಪ್ಪಿ ಕರಾವಳಿಯ ಕಥೆ ನೋಡಿ. 1969ರ ಆಗಸ್ಟ್‌ನಲ್ಲಿ ಅಲ್ಲಿಗೆ ಕಮಿಲ್ ಅನ್ನೋ ಹರಿಕೇನ್ ಬಡಿಯಿತು. ಐದನೇ ದರ್ಜೆ, ಅದಕ್ಕಿಂತ ಮೇಲೆ ದರ್ಜೆಯೇ ಇಲ್ಲ. ಅದರಲ್ಲಿ ಬದುಕಿದವರು, ನೀರು ಮುಟ್ಟದೆ ಉಳಿದ ಮನೆಗಳವರು, ಅದನ್ನೇ ಅಳತೆಗೋಲು ಮಾಡಿಕೊಂಡರು. 2005ರ ಆಗಸ್ಟ್ 29ರಂದು ಕತ್ರಿನಾ ದಡ ಮುಟ್ಟುವಾಗ ಮೂರನೇ ದರ್ಜೆಗೆ ಇಳಿದಿತ್ತು. 'ಕಮಿಲ್‌ಗೇ ಏನೂ ಆಗಿಲ್ಲ, ಇದಕ್ಕೇನಾಗುತ್ತೆ' ಅಂತ ಎಷ್ಟೋ ಜನ ಉಳಿದರು. ಆದರೆ ಕತ್ರಿನಾ ಅಗಲದಲ್ಲಿ ಬಹಳ ದೊಡ್ಡದು. ಮಿಸಿಸಿಪ್ಪಿ ದಡದಲ್ಲಿ ನೀರು ಸುಮಾರು 28 ಅಡಿವರೆಗೆ ಎದ್ದಿತು, ಕಮಿಲ್ ತಂದದ್ದಕ್ಕಿಂತ ಎತ್ತರ. 'ಕಮಿಲ್ 1969ರಲ್ಲಿ ಕೊಂದವರಿಗಿಂತ 2005ರಲ್ಲಿ ಕೊಂದವರೇ ಜಾಸ್ತಿ' ಅನ್ನೋ ಮಾತು ಆ ಕಡೆ ಈಗಲೂ ಚಾಲ್ತಿಯಲ್ಲಿದೆ. ಅಂದರೆ 2005ರಲ್ಲಿ ಕೊಂದದ್ದು ಕಮಿಲ್‌ನ ನೆನಪು.

ಈಗ ನಮ್ಮ ಅತ್ತೆ. ಮನೆ ತುಂಗಭದ್ರೆಯ ದಂಡೆಗೆ ಹತ್ತಿರ. ಬಾಗಿಲ ಮುಂದೆ ಐದು ಕಲ್ಲಿನ ಮೆಟ್ಟಿಲು. 2019ರ ಆಗಸ್ಟ್‌ನಲ್ಲಿ ಮಲೆನಾಡಿನ ಮಳೆಗೆ ಹೊಳೆ ತುಂಬಿ ಬಂದಾಗ ಓಣಿಯಲ್ಲಿ ಮೈಕು ಕಟ್ಟಿದ ಆಟೋ ತಿರುಗಿತು. ಎಲ್ಲರೂ ಮನೆ ಖಾಲಿ ಮಾಡಿ ಅಂತ. ನಾನು ಹೆದರಿ ಫೋನ್ ಮಾಡಿದೆ. ಅತ್ತೆ ನಕ್ಕರು. "ಬಿಡಪ್ಪಾ, ಎಷ್ಟ್ ಸಲ ನೀರು ಬಂದೈತಿ ನಂಗೊತ್ತಿಲ್ವಾ? ಮೂರನೇ ಮೆಟ್ಲು ದಾಟಲ್ಲ ಅದು."

ಮೂರನೇ ಮೆಟ್ಟಿಲು ಅವರ ಕಮಿಲ್. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಕಣ್ಣಾರೆ ನೋಡಿ ಕಲಿತ ಲೆಕ್ಕ ಅದು. ಗಾಜನೂರಿನ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಟಿವಿ ಹೇಳುತ್ತದೆ. ಆ ನೀರು ತನ್ನ ಬಾಗಿಲಲ್ಲಿ ಎಷ್ಟನೇ ಕಲ್ಲಿಗೆ ಬರುತ್ತದೆ ಅಂತ ಯಾವ ಟಿವಿಯೂ ಹೇಳುವುದಿಲ್ಲ. ಹಾಗಾಗಿ ಅವರು ಮೆಟ್ಟಿಲನ್ನು ನಂಬಿದರು. ಇದು ಅಜ್ಞಾನವಾ? ನನಗಂತೂ ಇದು ಒಂದು ಬಗೆಯ ತಿಳಿವಳಿಕೆ ಅನಿಸುತ್ತದೆ. ಹಿಂದೆ ಬಂದ ನೀರಿಗೆ ಸರಿಯಾಗಿಯೇ ಇತ್ತು. ಮುಂದೆ ಬರೋ ನೀರು ಅದೇ ಲೆಕ್ಕಕ್ಕೆ ಬರುತ್ತದಾ ಅನ್ನುವುದೇ ಪ್ರಶ್ನೆ.

ಹೊರಡೋಕೆ ಏನು ಬೇಕು?

ಈ ಭಾಗವನ್ನು ನಾವೆಲ್ಲ ಬಿಟ್ಟೇಬಿಟ್ಟಿದ್ದೆವು. ನ್ಯೂ ಆರ್ಲಿಯನ್ಸ್‌ನಲ್ಲಿ ಕಡ್ಡಾಯವಾಗಿ ಊರು ಬಿಡಿ ಅನ್ನೋ ಆದೇಶ ಬಂದದ್ದು ಆಗಸ್ಟ್ 28ರ ಭಾನುವಾರ. ಕತ್ರಿನಾ ಬಡಿದದ್ದು ಮಾರನೇ ದಿನ ಬೆಳಗ್ಗೆ. ಅಮೆರಿಕದಲ್ಲಿ ಊರು ಬಿಡಿ ಅಂದರೆ ಕಾರು ಹತ್ತಿ ಹೋಗಿ ಅಂತಲೇ ಅರ್ಥ. ಆ ಊರಲ್ಲಿ ಕಾರಿಲ್ಲದವರೇ ಸುಮಾರು ಒಂದು ಲಕ್ಷ ಇದ್ದರು. ಜೊತೆಗೆ ತಾರೀಕು ನೋಡಿ, ತಿಂಗಳ ಕೊನೆ. ಪಿಂಚಣಿ, ಸರ್ಕಾರದ ಸಹಾಯಧನ ನಂಬಿ ಬದುಕುವವರ ಕೈಗೆ ದುಡ್ಡು ಬರುವುದು ತಿಂಗಳ ಮೊದಲಲ್ಲಿ. ಪೆಟ್ರೋಲ್, ಲಾಡ್ಜ್, ಮೂರು ದಿನದ ಊಟ ಎಲ್ಲಕ್ಕೂ 28ನೇ ತಾರೀಕಿನ ಜೇಬಿನಿಂದ ಎಲ್ಲಿ ತರುವುದು? ತಿಂಗಳ ಕೊನೆಯಲ್ಲಿ ಅಂಗಡಿ ಸಾಲದ ಪುಸ್ತಕ ನೋಡಿದ ಯಾರಿಗಾದರೂ ಇದು ಬಿಡಿಸಿ ಹೇಳಬೇಕಾಗಿಲ್ಲ. ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನಾ ರಾಜ್ಯದಲ್ಲಿ ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧ ಜನ 75 ದಾಟಿದ ಮುದುಕರು. ಅವರನ್ನು ಬಿಟ್ಟು ಹೋಗಲಾರದೆ ಜೊತೆಗೆ ಉಳಿದವರೂ ಇದ್ದರು.

ಇಲ್ಲಿ ನೆನಪಿಡಬೇಕಾದ ಅಧ್ಯಯನ ಒಂದಿದೆ. ನಿಕೋಲ್ ಸ್ಟೀಫನ್ಸ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. ಕತ್ರಿನಾ ಬಂದಾಗ ಹೊರಟವರ ಬಗ್ಗೆ, ಉಳಿದವರ ಬಗ್ಗೆ ನಿಮಗೇನನಿಸುತ್ತದೆ ಅಂತ ಹೊರಗಿನವರನ್ನು ಕೇಳಿದರು. ಹೊರಟವರು ಜಾಣರು, ಸ್ವಂತ ಬುದ್ಧಿ ಉಳ್ಳವರು ಅಂತ ಉತ್ತರ ಬಂತು. ಉಳಿದವರು ಸೋಮಾರಿಗಳು, ಹಟಮಾರಿಗಳು. ನೆರವಿಗೆ ಹೋಗಿದ್ದ ಕೆಲಸಗಾರರು ಕೂಡ ಹೀಗೇ ಅಂದರು. ಆಮೇಲೆ ಉಳಿದವರನ್ನೇ ಮಾತಾಡಿಸಿದರು. ಅವರು ಹೇಳಿದ್ದು ಬೇರೆ. ಅಕ್ಕಪಕ್ಕದವರಿಗೆ ಆಸರೆಯಾಗಿ ನಿಂತದ್ದು, ಗಟ್ಟಿಯಾಗಿ ತಡೆದುಕೊಂಡದ್ದು, ದೇವರ ಮೇಲೆ ಭಾರ ಹಾಕಿದ್ದು. ನಾವು ನಾಲ್ವರು ಬರೆದ ಮೊದಲ ಸಾಲು ಆ ಹೊರಗಿನವರ ಉತ್ತರದ ಪಡಿಯಚ್ಚು, ಅಲ್ವಾ? ಹಾಗಾಗಿ ಉತ್ತರದಲ್ಲಿ 'ನಿರಾಕರಿಸಿದರು' ಅಂತ ಬರೆಯೋ ಮುಂಚೆ, ಅವರ ಮುಂದೆ ಬೇರೆ ದಾರಿ ಇತ್ತಾ ಅಂತ ಒಮ್ಮೆ ಕೇಳಿಕೊಳ್ಳಿ.

ಸಾಕುಪ್ರಾಣಿಯ ವಿಷಯ ಚಿಕ್ಕದಾದರೂ ಬಿಡಬೇಡಿ. ನಾಯಿ ಬೆಕ್ಕನ್ನು ಶಿಬಿರಕ್ಕೆ ಸೇರಿಸುವುದಿಲ್ಲ ಅಂದಿದ್ದಕ್ಕೆ ಮನೆಯಲ್ಲೇ ಉಳಿದವರು ಕತ್ರಿನಾದಲ್ಲಿ ಎಷ್ಟೋ ಮಂದಿ. ಅದಕ್ಕೇ 2006ರಲ್ಲಿ, ತೆರವಿನ ಯೋಜನೆಯಲ್ಲಿ ಸಾಕುಪ್ರಾಣಿಗೂ ಜಾಗ ಇರಬೇಕು ಅಂತ ಅಮೆರಿಕದಲ್ಲಿ ಕಾನೂನೇ ಬಂತು. ಬಾಂಗ್ಲಾದೇಶದ ಕರಾವಳಿಯಲ್ಲಿ ದನಗಳನ್ನು ಹತ್ತಿಸೋಕೆ ಮಣ್ಣಿನ ದಿಬ್ಬಗಳನ್ನು ಕಟ್ಟಿದ್ದಾರೆ. ಅವನ್ನು ಕಿಲ್ಲಾ ಅನ್ನುತ್ತಾರೆ.

ಹೊರಟು ಕೆಟ್ಟವರ ನೆನಪು

ಕತ್ರಿನಾ ಆಗಿ ಒಂದು ತಿಂಗಳೂ ಕಳೆದಿರಲಿಲ್ಲ, ರೀಟಾ ಬಂತು. ಟಿವಿಯಲ್ಲಿ ನ್ಯೂ ಆರ್ಲಿಯನ್ಸ್ ನೋಡಿದ್ದ ಹ್ಯೂಸ್ಟನ್ ಜನ ಈ ಸಲ ಕಾಯಲಿಲ್ಲ. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ ಒಟ್ಟಿಗೇ ರಸ್ತೆಗೆ ಇಳಿದರು. ಹೋಗಲೇಬೇಕಾಗಿದ್ದವರು ಕೆಲವರು, ಹೆದರಿ ಹೊರಟವರು ಅದೆಷ್ಟೋ ಪಾಲು. ಬಿರುಬಿಸಿಲಲ್ಲಿ ಇಪ್ಪತ್ತು ಗಂಟೆ ಟ್ರಾಫಿಕ್. ವೃದ್ಧಾಶ್ರಮದವರನ್ನು ಹೊತ್ತ ಬಸ್ಸಿಗೆ ಬೆಂಕಿ ಬಿದ್ದು 23 ಮಂದಿ ಸತ್ತರು. ಚಂಡಮಾರುತಕ್ಕಿಂತ ಓಡಿಹೋಗುವ ದಾರಿಯಲ್ಲೇ ಹೆಚ್ಚು ಜನ ಸತ್ತರು.

ಮೂರು ವರ್ಷದ ಮೇಲೆ, 2008ರ ಸೆಪ್ಟೆಂಬರ್‌ನಲ್ಲಿ, ಅದೇ ಕರಾವಳಿಗೆ ಐಕ್ ಬಂತು. ಗ್ಯಾಲ್ವೆಸ್ಟನ್ ಕಡೆ ಸಣ್ಣ ಮನೆಗಳಲ್ಲಿ ಉಳಿದರೆ ಸಾವು ಖಚಿತ ಅಂತ ಹವಾಮಾನ ಇಲಾಖೆ ಬರೆದು ಕೊಟ್ಟಿತು. ಆದರೂ ಸಾವಿರಾರು ಜನ ಉಳಿದರು. ರೀಟಾದ ರಸ್ತೆ ಅವರ ಕಣ್ಣ ಮುಂದಿತ್ತು. 2017ರಲ್ಲಿ ಹಾರ್ವೆ ಬಂದಾಗ ಹ್ಯೂಸ್ಟನ್ ಮೇಯರ್ ಊರು ಬಿಡಿಸುವ ಆದೇಶವನ್ನೇ ಕೊಡಲಿಲ್ಲ. ಅವರೂ ರೀಟಾವನ್ನೇ ನೆನಪಿಸಿದರು. ಅಂದರೆ ಹಳೇ ನೆನಪು ಓಣಿಯ ಮುದುಕಿಯನ್ನು ಹಿಡಿದಿಡುವಂತೆ ಮೇಯರ್‌ನನ್ನೂ ಹಿಡಿದಿಡುತ್ತದೆ.

ಹಾಗಾದರೆ ಜನ ಯಾವಾಗ ಹೊರಡುತ್ತಾರೆ? ಹೆದರಿಸಿದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಜೇ ಬೇಕರ್ ಅನ್ನೋ ಸಂಶೋಧಕರು ಎಷ್ಟೋ ಚಂಡಮಾರುತಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 1991ರಲ್ಲಿ ಬರೆದದ್ದು ನೋಡಿದರೆ, ಅಧಿಕಾರಿಗಳು 'ನೀವು ಹೊರಡಬೇಕು' ಅಂತ ಹೇಳಿದ್ದು ಆ ಮನೆಯವರ ಕಿವಿಗೆ ನೇರವಾಗಿ ಬಿತ್ತಾ ಅನ್ನುವುದು ಬಹಳ ದೊಡ್ಡ ಅಂಶ. ನನ್ನ ಮನೆಗೇ ಅಪಾಯ ಇದೆ ಅಂತ ಅನಿಸಬೇಕು. ಊರಿಗೆ ಅಪಾಯ ಅಂದರೆ ಸಾಲದು. ಮೈಕಿಗಿಂತ ಬಾಗಿಲು ಬಡಿಯುವ ಕೈ ಜಾಸ್ತಿ ಕೆಲಸ ಮಾಡುತ್ತದೆ.

ಒಡಿಶಾ ಇದನ್ನು ದುಬಾರಿ ಬೆಲೆ ಕೊಟ್ಟು ಕಲಿತದ್ದು. 1999ರ ಅಕ್ಟೋಬರ್‌ನ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಮೇಲೆ ದಡದುದ್ದಕ್ಕೂ ಆಸರೆ ಕಟ್ಟಡಗಳು, ಪ್ರತಿ ಊರಲ್ಲೂ ಸ್ವಯಂಸೇವಕರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ, 2019ರ ಮೇನಲ್ಲಿ ಫೋನಿ ಬಂದಾಗ ಹನ್ನೆರಡು ಲಕ್ಷ ಜನರನ್ನು ಎಬ್ಬಿಸಿ ಕರೆದೊಯ್ದರು. ಸಾವು ಹತ್ತಾರರ ಲೆಕ್ಕಕ್ಕೆ ಇಳಿಯಿತು.

ಅತ್ತೆಯ ಮನೆಯಲ್ಲಿ ಆ ದಿನ ಮೆಟ್ಟಿಲೊಂದೇ ಇರಲಿಲ್ಲ. ಲಕ್ವಾ ಹೊಡೆದು ಮಲಗಿದ್ದ ಮಾವ ಇದ್ದರು. ಗಬ್ಬದ ಎಮ್ಮೆ ಇತ್ತು. ಸರ್ಕಾರ ಈಗ ಕಾಳಜಿ ಕೇಂದ್ರ ಅಂತ ಹೆಸರು ಬದಲಿಸಿದ್ದರೂ ಅತ್ತೆಯ ಬಾಯಲ್ಲಿ ಅದು ಗಂಜಿ ಕೇಂದ್ರವೇ. "ಗಂಜಿ ಕೇಂದ್ರದಾಗೆ ತಟ್ಟೆ ಹಿಡ್ಕಂಡು ನಿಲ್ಲಾಕೆ ನಮಗೇನು ಬಂದೈತಿ?" ಅಂದಿದ್ದರು. ಮೈಕಿನ ಆಟೋ ಮೂರು ಸಲ ಬಂದು ಹೋಯಿತು.

ರಾತ್ರಿ ಒಂಬತ್ತಕ್ಕೆ ದಿನಾ ಹಾಲು ಒಯ್ಯುವ ಹುಡುಗ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. "ಅಕ್ಕಾ, ಎಮ್ಮೆನ ನಮ್ಮಣ್ಣನ ಕಣದಾಗೆ ಕಟ್ತೀನಿ. ಮಾವನ್ನ ಹಾಸಿಗೆ ಸಮೇತ ಟ್ರೇಲರ್‌ನಾಗೆ ಮಲಗಿಸ್ತೀನಿ. ನೀವು ನಮ್ಮನೆಗೇ ಬರ್ರಿ." ಅತ್ತೆ ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಹಿಂಡಿ ಚೀಲ ಎಳೆದು ತಂದರು.

ನೀರು ಆ ರಾತ್ರಿ ಮೂರನೇ ಮೆಟ್ಟಿಲಿಗೇ ನಿಂತಿತು. 'ನಾ ಹೇಳಿರ್ಲಿಲ್ವಾ' ಅಂತ ಅತ್ತೆ ಈಗಲೂ ಅನ್ನುತ್ತಾರೆ.