ಆರೋಗ್ಯವಂತ ಕೋಳಿಯ ಅಧ್ಯಯನ

ಭಾನುವಾರ ಬೆಳಿಗ್ಗೆ ದಾವಣಗೆರೆಯ ಕೋಳಿ ಅಂಗಡಿಗಳ ಮುಂದೆ ನಿಂತ ಗಿರಾಕಿ ಮೊದಲು ಗಮನಿಸುವುದು ಕೋಳಿ ಚುರುಕಾಗಿದೆಯೇ ಎಂಬುದನ್ನು. ರೋಗ ಬಡಿದ ಹಕ್ಕಿಯನ್ನು ದೂರವಿಡಲು ಅದು ಸರಿಯಾದ ಪರೀಕ್ಷೆಯೇ. ಆದರೆ ಕೋಳಿಮಾಂಸದ ಸುರಕ್ಷತೆ ಮತ್ತು ಸಂಸ್ಕರಣೆಯನ್ನು ಓದಿ, ಕಲಿಸಿ, ಸಂಶೋಧಿಸುವವರ ವೃತ್ತಿಜೀವನ ಬಹುಮಟ್ಟಿಗೆ ಸಾಗುವುದು ಈ ಪರೀಕ್ಷೆಗೆ ಸಿಗದ ಸಂಗತಿಗಳ ಬೆನ್ನುಹತ್ತಿ. ಮನುಷ್ಯರಿಗೆ ಭೇದಿ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಹಲವು ಬಗೆಗಳು ಮತ್ತು ಕ್ಯಾಂಪಿಲೊಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೋಳಿಯ ಕರುಳಿನಲ್ಲಿ ಅದಕ್ಕೆ ಯಾವ ಬಾಧೆಯನ್ನೂ ಕೊಡದೆ ನೆಲೆಸಿರಬಲ್ಲವು. ಕೋಳಿಯ ಮೈಬಿಸಿ ಸುಮಾರು 41ರಿಂದ 42 ಡಿಗ್ರಿ ಸೆಲ್ಸಿಯಸ್. ಕ್ಯಾಂಪಿಲೊಬ್ಯಾಕ್ಟರ್ ಹುಲುಸಾಗಿ ಬೆಳೆಯುವುದೂ ಆ ಶಾಖದಲ್ಲೇ.

ಕರುಳಿನೊಳಗಿದ್ದದ್ದು ಮಾಂಸಕ್ಕೆ ಹೇಗೆ ಬರುತ್ತದೆ ಎಂಬುದೇ ಈ ಶಾಸ್ತ್ರದ ತಿರುಳು. ಪುಕ್ಕ ಸಡಿಲವಾಗಲೆಂದು ಕೋಳಿಯನ್ನು ಸಾಮಾನ್ಯವಾಗಿ 50ರಿಂದ 60 ಡಿಗ್ರಿಯ ನೀರಿನಲ್ಲಿ ಅದ್ದುತ್ತಾರೆ. ಅದಕ್ಕಿಂತ ಬಿಸಿಯಾದರೆ ಚರ್ಮ ಬೇಯತೊಡಗುತ್ತದೆ, ತಣ್ಣಗಾದರೆ ಪುಕ್ಕ ಬಿಡುವುದಿಲ್ಲ. ಒಂದೇ ನೀರಿಗೆ ಒಂದರ ಹಿಂದೊಂದು ಹಕ್ಕಿ ಇಳಿದಾಗ ಕಾಲಿಗೂ ಪುಕ್ಕಕ್ಕೂ ಅಂಟಿದ ಹಿಕ್ಕೆ ಅದರಲ್ಲಿ ಕರಗುತ್ತದೆ. ಪುಕ್ಕ ಕೀಳುವ ಯಂತ್ರದ ರಬ್ಬರ್ ಬೆರಳುಗಳು ಒಂದರ ಕೊಳೆಯನ್ನು ಇನ್ನೊಂದಕ್ಕೆ ಸವರುತ್ತವೆ. ಕರುಳು ತೆಗೆಯುವಾಗ ಚಾಕು ತಾಗಿ ಅದು ಹರಿದರಂತೂ ಒಳಗಿನದೆಲ್ಲ ಮಾಂಸದ ಮೇಲೆ ಬೀಳುತ್ತದೆ. ಕೊಯ್ಯುವ ಮೊದಲು 8ರಿಂದ 12 ಗಂಟೆ ಮೇವು ನಿಲ್ಲಿಸಿ, ನೀರನ್ನಷ್ಟೇ ಕೊಡುವ ಪದ್ಧತಿ ಇರುವುದು ಇದಕ್ಕಾಗಿಯೇ. ಆ ಅವಧಿ ತೀರಾ ಹೆಚ್ಚಾದರೆ ಕರುಳಿನ ಗೋಡೆಯೇ ದುರ್ಬಲವಾಗಿ ಸುಲಭವಾಗಿ ಹರಿಯುತ್ತದೆ ಎಂಬ ಸೂಕ್ಷ್ಮವನ್ನು ಕಂಡುಕೊಂಡದ್ದೂ ಇಂಥ ಅಧ್ಯಯನಗಳೇ.

ದೊಡ್ಡ ಸಂಸ್ಕರಣಾ ಘಟಕಗಳಲ್ಲಿ ಮುಂದಿನ ಹೆಜ್ಜೆ ಮಾಂಸವನ್ನು ಬೇಗನೆ 4 ಡಿಗ್ರಿಗೆ ತಂಪುಗೊಳಿಸುವುದು. ಅನುಕೂಲಕರ ಶಾಖದಲ್ಲಿ ಸಾಲ್ಮೊನೆಲ್ಲಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ವೇಗದಲ್ಲಿ ಒಂದು ಕೋಶ 4 ಗಂಟೆಗಳಲ್ಲಿ 4,096 ಆಗುತ್ತದೆ. ನಮ್ಮ ಕಡೆ ಕಣ್ಣೆದುರೇ ಕೊಯ್ಸಿ ತಂದ ಕೋಳಿ ಒಂದೆರಡು ಗಂಟೆಯಲ್ಲೇ ಒಲೆಯ ಮೇಲಿರುತ್ತದೆ, ಕುದಿಯುವ ಸಾರಿನಲ್ಲಿ ಈ ಜೀವಿಗಳು ಉಳಿಯುವುದಿಲ್ಲ. ಆದ್ದರಿಂದ ನಮ್ಮ ಅಪಾಯ ಪಾತ್ರೆಯಲ್ಲಿಲ್ಲ, ಈಳಿಗೆಮಣೆಯಲ್ಲಿದೆ. ಕ್ಯಾಂಪಿಲೊಬ್ಯಾಕ್ಟರ್ ಮಾಂಸದ ಮೇಲೆ ಬೆಳೆಯದಿದ್ದರೂ ಕೆಲವು ನೂರು ಕೋಶಗಳೇ ಕಾಯಿಲೆಗೆ ಸಾಕು. ಕೋಳಿ ಹೆಚ್ಚಿದ ಈಳಿಗೆಯಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚಿದರೆ, ಅಥವಾ ನಲ್ಲಿಯಡಿ ಮಾಂಸ ತೊಳೆಯುವಾಗ ನೀರು ಸಿಡಿದರೆ ಅಷ್ಟು ದಾಟಿಬರುವುದು ಕಷ್ಟವಲ್ಲ.

ಈ ವಿಷಯದ ಪಠ್ಯಪುಸ್ತಕಗಳು ಹೆಚ್ಚಾಗಿ ನಿಮಿಷಕ್ಕೆ ನೂರಕ್ಕೂ ಮೀರಿ ಕೋಳಿ ಸಾಗುವ ವಿದೇಶಿ ಘಟಕಗಳನ್ನು ಕಣ್ಣಮುಂದಿಟ್ಟು ಬರೆದಂಥವು. ನಮ್ಮ ಪೇಟೆಯ ಅಂಗಡಿಗಳಲ್ಲಿ ಕೋಳಿ ಅದ್ದುವ ಬಿಸಿನೀರಿನ ಡ್ರಮ್ಮು, ಮಚ್ಚು, ಮರದ ದಿಮ್ಮಿಗಳ ಬಗ್ಗೆ ಅಷ್ಟೇ ಗಂಭೀರವಾದ ಸಂಶೋಧನೆ ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೆಕ್ಕೆಜೋಳ ಬೆಳೆದು ಕೋಳಿಮೇವಿಗೆ ಮಾರುವ ಈ ಸೀಮೆಯ ಮಕ್ಕಳಿಗೆ ಆ ದಾರಿ ದೂರದ್ದಲ್ಲ: ಪಕ್ಕದ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಪದವಿಯ ನಂತರ ಪಶು ಉತ್ಪನ್ನಗಳ ತಂತ್ರಜ್ಞಾನ ಅಥವಾ ಪಶುವೈದ್ಯಕೀಯ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ವ್ಯಾಸಂಗ, ಆಮೇಲೆ ಪಿಎಚ್‌.ಡಿ. ಮೊದಲ ಪ್ರಯೋಗಕ್ಕೆ ದೊಡ್ಡ ಸಲಕರಣೆಯೂ ಬೇಡ. ಬೆಳಿಗ್ಗೆ ಅಂಗಡಿ ತೆರೆದಾಗ ಒಮ್ಮೆ, ಐವತ್ತನೆಯ ಕೋಳಿಯ ನಂತರ ಇನ್ನೊಮ್ಮೆ ಡ್ರಮ್ಮಿನ ನೀರಿನ ಶಾಖ ಅಳೆದು, ನೀರಿನ ಮಾದರಿಯನ್ನೂ ದಿಮ್ಮಿ ಒರೆಸಿದ ಹತ್ತಿಯನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ದರೆ, ಸಾಲ್ಮೊನೆಲ್ಲಾ ಇದೆಯೋ ಇಲ್ಲವೋ ಎಂಬುದು ಕೆಲವೇ ದಿನಗಳಲ್ಲಿ ತಿಳಿಯುತ್ತದೆ.