ಅನುಭವ ಇಲ್ಲ ಅಂತಾರೆ, ಅದನ್ನು ಎಲ್ಲಿಂದ ತರಲಿ?

ಪ್ರಶ್ನೆ: ನಾನು ಬೈಲಹೊಂಗಲ ಕಡೆಯವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ತಿಂಗಳಾಯಿತು. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಎರಡೂ ಕೈಗಾರಿಕಾ ಪ್ರದೇಶ ಸುತ್ತಿದ್ದೇನೆ. ಎಲ್ಲ ಕಡೆಯೂ ಒಂದೇ ಮಾತು, "ಎಷ್ಟು ವರ್ಷ ಅನುಭವ ಐತಿ?" ಯಾರೂ ಕೆಲಸ ಕೊಡದಿದ್ದರೆ ಅನುಭವ ಬರುವುದಾದರೂ ಹೇಗೆ?

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಮೇಜಿನ ಆ ಕಡೆ ಕೂತವರಿಗೆ ನಿಜವಾಗಿ ವರ್ಷಗಳ ಲೆಕ್ಕ ಬೇಕಿಲ್ಲ. ಅವರಿಗೆ ಎರಡು ಹೆದರಿಕೆ ಇರುತ್ತವೆ. ಈ ಹುಡುಗ ನನ್ನ ಮಾಲು ಹಾಳು ಮಾಡುತ್ತಾನಾ? ಮೂರು ತಿಂಗಳು ಇಲ್ಲಿ ಕಲಿತು ಪುಣೆಗೆ ಓಡುತ್ತಾನಾ? "ಅನುಭವ ಎಷ್ಟು?" ಅನ್ನುವುದು ಈ ಎರಡನ್ನೂ ಸೇರಿಸಿ ಕೇಳುವ ಸುಲಭದ ಪ್ರಶ್ನೆ, ಅಷ್ಟೇ. ನೀವು ವರ್ಷಗಳಿಗೆ ಉತ್ತರ ಹುಡುಕುತ್ತಿದ್ದೀರಿ. ಹೆದರಿಕೆಗೆ ಉತ್ತರ ಹುಡುಕಿ.

ಮೊದಲನೆಯ ಹೆದರಿಕೆ ಸಣ್ಣದಲ್ಲ. ಉದ್ಯಮಬಾಗದ ಬಹಳಷ್ಟು ಸಣ್ಣ ಮಷಿನ್ ಶಾಪ್‌ಗಳು ನಡೆಯುವುದು ಜಾಬ್‌ವರ್ಕ್ ಮೇಲೆ. ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಲೋಹದ ಪೀಸ್, ಬೇರೆಯವರದು. ಅದನ್ನು ಅಳತೆಗೆ ಕೊರೆದು ಕೊಡುವ ಮಷಿನಿಂಗ್ ಮಾತ್ರ ಇವರದು. ಒಂದು ಪೀಸಿಗೆ ಇವರಿಗೆ 30 ರೂಪಾಯಿ ಸಿಗುತ್ತದೆ, ಕಾಸ್ಟಿಂಗ್ ಬೆಲೆ 400 ರೂಪಾಯಿ ಅಂತಿಟ್ಟುಕೊಳ್ಳಿ. ಒಂದು ಪೀಸ್ ಹಾಳಾದರೆ ಆ 400 ರೂಪಾಯಿಯನ್ನು ಕೆಲಸ ಕೊಟ್ಟ ಪಾರ್ಟಿಯವರು ಇವರ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಅದನ್ನು ತುಂಬಲು ಮತ್ತೆ ಹದಿನಾಲ್ಕು ಪೀಸ್ ಸರಿಯಾಗಿ ತೆಗೆಯಬೇಕು. ಕರೆಂಟು, ಟೂಲು, ಪಗಾರದ ಖರ್ಚು ಬೇರೆ.

ನನಗೆ ಇದು ಗೊತ್ತಾಗಿದ್ದು ಮೊದಲ ಕೆಲಸದ ಎರಡನೇ ವಾರದಲ್ಲಿ. ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಲೇತ್) ಮೇಲೆ ಹೌಸಿಂಗ್ ಅನ್ನುವ ಪೀಸ್ ಓಡುತ್ತಿತ್ತು. ಬೋರ್ (ಒಳಗಿನ ತೂತು) ಸ್ವಲ್ಪ ಸಣ್ಣ ಬರುತ್ತಿದೆ, ಆಫ್‌ಸೆಟ್‌ನಲ್ಲಿ, ಅಂದರೆ ಮಷಿನ್ನಿಗೆ ಕೊಡುವ ಅಳತೆಯ ತಿದ್ದುಪಡಿಯಲ್ಲಿ, 0.02 ಮಿಲಿಮೀಟರ್ ಏರಿಸು ಅಂದರು. ನಾನು 0.2 ಒತ್ತಿದೆ. ಒಂದು ಸೊನ್ನೆ ಬಿಟ್ಟುಹೋಯಿತು. ಇನ್‌ಸ್ಪೆಕ್ಷನ್‌ನವರು ಬರುವ ಹೊತ್ತಿಗೆ ಹನ್ನೊಂದು ಪೀಸ್ ಹೊರಗೆ ಬಂದಿದ್ದವು. ಹೊರಗಿನ ಅಳತೆ ದಪ್ಪ ಉಳಿದಿದ್ದರೆ ಇನ್ನೊಂದು ಕಟ್ ಹಾಕಬಹುದಿತ್ತು. ಬೋರ್ ದೊಡ್ಡದಾದರೆ ಮುಗೀತು, ಸ್ಕ್ರ್ಯಾಪ್. ಮಾಲಕರು ಬೈಯಲಿಲ್ಲ. ಹನ್ನೊಂದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. "ತಮ್ಮಾ, ಇದರ ಕಾಸ್ಟಿಂಗ್ ರೇಟ್ ಎಷ್ಟ ಅಂತ ಗೊತ್ತೈತೇನು?" ಅಂದರು. ನನಗೆ ಗೊತ್ತಿರಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ ಅನಿಸುತ್ತದೆ.

ಮುಂದೆ ನಾನೇ ಹುಡುಗರನ್ನು ಆರಿಸುವ ಜಾಗಕ್ಕೆ ಬಂದೆ. ಬಯೋಡೇಟಾ ಪಕ್ಕಕ್ಕಿಟ್ಟು ಕೈಗೆ ಒಂದು ವರ್ನಿಯರ್ (ಸಣ್ಣ ಅಳತೆ ತೆಗೆಯುವ ಉಪಕರಣ), ಒಂದು ಪೀಸ್, ಒಂದು ಡ್ರಾಯಿಂಗ್ ಕೊಡುತ್ತಿದ್ದೆ. ಮುಕ್ಕಾಲು ಪಾಲು ಹುಡುಗರು ಪೀಸ್ ಎತ್ತಿಕೊಂಡು ನೇರ ಅಳತೆ ಹೇಳುತ್ತಿದ್ದರು. ಯಾರೋ ಒಬ್ಬ ಮೊದಲು ಪೀಸಿಗೆ ಅಂಟಿದ ಎಣ್ಣೆ ಒರೆಸಿ, ಬರ್ (ಅಂಚಿನಲ್ಲಿ ಉಳಿದ ಚೂಪು ಲೋಹ) ತೆಗೆಯುತ್ತಿದ್ದ. ವರ್ನಿಯರ್ ಪೂರ್ತಿ ಮುಚ್ಚಿ ಸೊನ್ನೆ ಸೊನ್ನೆಗೆ ಕೂಡುತ್ತದೋ ಇಲ್ಲವೋ ನೋಡುತ್ತಿದ್ದ. ಆಮೇಲೆ ಅಳೆಯುತ್ತಿದ್ದ. ಅವನು ಹೇಳಿದ ಅಳತೆ ಸ್ವಲ್ಪ ಆಚೀಚೆ ಇದ್ದರೂ ನನ್ನ ಮನಸ್ಸಿನಲ್ಲಿ ಅವನ ಕೆಲಸ ಆಗಿಹೋಗಿರುತ್ತಿತ್ತು.

ಇನ್ನೊಂದು ಪ್ರಶ್ನೆ ಇತ್ತು, ಸ್ವಲ್ಪ ಕಿಡಿಗೇಡಿತನದ್ದು. ಡ್ರಾಯಿಂಗ್‌ನಲ್ಲಿ ಬೋರ್ ಅಳತೆ 25 ಎಚ್7 ಅಂತ ಇರುತ್ತಿತ್ತು. ಅಂದರೆ 25.000 ಮಿಲಿಮೀಟರಿಗಿಂತ ಕಡಿಮೆ ಆಗಬಾರದು, 25.021 ದಾಟಬಾರದು. ಒಟ್ಟು ಸಿಗುವ ಜಾಗ 21 ಮೈಕ್ರಾನ್. ಕೈಗೆ ಕೊಟ್ಟ ವರ್ನಿಯರ್ ತೋರಿಸುವ ಅತಿ ಸಣ್ಣ ಅಳತೆಯೇ 0.02 ಮಿಲಿಮೀಟರ್, ಅಂದರೆ 20 ಮೈಕ್ರಾನ್. ಇದರಿಂದ ಆ ಬೋರನ್ನು ಪಾಸ್ ಮಾಡಲು ಆಗುವುದೇ ಇಲ್ಲ. "ಸರ್, ಇದಕ್ಕೆ ಬೋರ್ ಗೇಜ್ ಬೇಕ್ರಿ" ಅಂದವನಿಗೆ ಅನುಭವದ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಇದೇನು ವರ್ಷಗಟ್ಟಲೆ ದುಡಿದು ಕಲಿಯುವ ವಿಷಯ ಅಲ್ಲ. ನಿಮ್ಮ ಡಿಪ್ಲೊಮಾ ಪುಸ್ತಕದಲ್ಲೇ ಇದೆ, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೀರಿ ಅಷ್ಟೇ.

ಹಾಗಾಗಿ ಮುಂದಿನ ಒಂದು ತಿಂಗಳು ಬಯೋಡೇಟಾ ಹಂಚುವುದು ಕಡಿಮೆ ಮಾಡಿ. ಒಂದು ಸಾದಾ ವರ್ನಿಯರ್ ಕೊಂಡುಕೊಳ್ಳಿ, ಡಿಜಿಟಲ್ ಬೇಡ. ಮನೆಯಲ್ಲಿರುವ ಪಂಪಿನ ಬುಷ್, ಬೈಕಿನ ಬೇರಿಂಗ್ ಸಿಕ್ಕಿದ್ದೆಲ್ಲ ಅಳೆಯಿರಿ. ಅಳೆದದ್ದನ್ನು ಕೈಯಲ್ಲೇ ಡ್ರಾಯಿಂಗ್ ಮಾಡಿ, ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆದರೆ ನಡೆಯುತ್ತದೆ ಅನ್ನುವ ಮಿತಿ) ಹಾಕಿ. ಅಂಥ ಹತ್ತು ಹಾಳೆ ಫೈಲಿನಲ್ಲಿದ್ದರೆ ಅದು ಮಾರ್ಕ್ಸ್‌ಕಾರ್ಡಿಗಿಂತ ಜಾಸ್ತಿ ಮಾತಾಡುತ್ತದೆ. ಸಿಎನ್‌ಸಿ ಪ್ರೋಗ್ರಾಮಿನ ಕೋಡ್‌ಗಳಲ್ಲಿ ಜಿ00 ಮತ್ತು ಜಿ01ಕ್ಕೆ ಏನು ವ್ಯತ್ಯಾಸ, ಎಂ03 ಕೊಟ್ಟರೆ ಸ್ಪಿಂಡಲ್ ಯಾವ ಕಡೆ ತಿರುಗುತ್ತದೆ, ಇಷ್ಟು ಬಾಯಲ್ಲಿರಲಿ. ಮಷಿನ್ ಮುಟ್ಟಿ ಕಲಿಯಬೇಕು ಅನಿಸಿದರೆ ಸರ್ಕಾರದ ಟೂಲ್ ರೂಂ ತರಬೇತಿ ಕೇಂದ್ರ ಜಿಟಿಟಿಸಿ ಬೆಳಗಾವಿಯಲ್ಲೇ ಇದೆ, ಅಲ್ಪಾವಧಿ ಕೋರ್ಸ್ ಯಾವುದು ನಡೆಯುತ್ತಿದೆ ಅಂತ ಹೋಗಿ ಕೇಳಿ. ಡಿಪ್ಲೊಮಾ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಮಾಡಿಸಿದ್ದರೆ ಅದರ ಬಗ್ಗೆ ದೊಡ್ಡದಾಗಿ ಬರೆಯಬೇಡಿ. ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಕಾನೂನೇ ಮಾಡಿಟ್ಟ ಬಾಗಿಲು ಒಂದಿದೆ, ಬಹಳ ಹುಡುಗರು ಅದರ ಮುಂದೆಯೇ ಹಾದುಹೋಗುತ್ತಾರೆ. ಅದು ಅಪ್ರೆಂಟಿಸ್‌ಶಿಪ್, ಅಂದರೆ ಸ್ಟೈಪೆಂಡ್ ಪಡೆಯುತ್ತ ಕೆಲಸದ ಜಾಗದಲ್ಲೇ ಕಲಿಯುವುದು. 1961ರ ಕಾಯ್ದೆ, 2019ರಲ್ಲಿ ನಿಯಮ ತಿದ್ದುಪಡಿ ಆಯಿತು. ಗುತ್ತಿಗೆಯವರೂ ಸೇರಿ 30 ಅಥವಾ ಹೆಚ್ಚು ಜನ ಇರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ, ಒಟ್ಟು ಜನರಲ್ಲಿ ಶೇ. 2.5ರಿಂದ 15ರವರೆಗೆ. ನಾಲ್ಕರಿಂದ 29 ಜನ ಇರುವ ಸಣ್ಣ ಶಾಪ್‌ನವರು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಆ ತಿದ್ದುಪಡಿಯಲ್ಲಿ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಡಿಗ್ರಿಯವರಿಗೆ 9,000 ರೂಪಾಯಿ ಅಂತ ಗೊತ್ತುಮಾಡಿದರು. ಡಿಪ್ಲೊಮಾ, ಡಿಗ್ರಿಯವರಿಗೆ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಅನ್ನುವ ಪೋರ್ಟಲ್ ಇದೆ. ಅದರ ಮೂಲಕ ಸೇರಿದರೆ ಕನಿಷ್ಠ ಸ್ಟೈಪೆಂಡಿನ ಅರ್ಧ ಕೇಂದ್ರ ಸರ್ಕಾರದ್ದು.

ಮಾಲಕರ ಕಡೆಯಿಂದ ನೋಡಿ. ಅರ್ಧ ಖರ್ಚಿನಲ್ಲಿ ಒಂದು ವರ್ಷ ನಿಮ್ಮನ್ನು ನೋಡುವ ಅವಕಾಶ. ಸಣ್ಣ ಶಾಪ್‌ನವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿದ್ದರೂ "ಆ ಆನ್‌ಲೈನ್ ಕಿರಿಕಿರಿ ಯಾರಿಗೆ ಬೇಕ್ರಿ" ಅಂತ ಬಿಟ್ಟಿರುತ್ತಾರೆ. ನೀವು ನೋಂದಣಿ ಮಾಡಿಕೊಂಡು ಹೋಗಿ, "ಆ ಕಿರಿಕಿರಿ ನಾ ನೋಡ್ಕೊಳ್ತೀನ್ರಿ" ಅಂದು ನೋಡಿ. ಆದರೆ ಒಂದು ಗೊತ್ತಿರಲಿ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಆದರೂ ಕೈಯಲ್ಲಿ ಸರ್ಕಾರದ ಸರ್ಟಿಫಿಕೇಟ್ ಇರುತ್ತದೆ, ಮುಂದಿನ ಗೇಟಿನಲ್ಲಿ "ಎಷ್ಟು ವರ್ಷ?" ಅಂದರೆ "ಒಂದು" ಅನ್ನಬಹುದು.

ದೊಡ್ಡ ಕಂಪನಿಯೋ ಸಣ್ಣ ಶಾಪೋ? ಹತ್ತರಗಿ ಕಡೆಯ ಏರೋಸ್ಪೇಸ್ ಎಸ್‌ಇಜೆಡ್ (ವಿಶೇಷ ಆರ್ಥಿಕ ವಲಯ) ಹೆಸರು ಕೇಳಿದರೆ ಎಲ್ಲರಿಗೂ ಆಸೆ. ಸಿಕ್ಕರೆ ಬಿಡಬೇಡಿ. ಆದರೆ ದೊಡ್ಡ ಕಡೆ ಒಂದೇ ಮಷಿನ್ ಮೇಲೆ ಒಂದೇ ಆಪರೇಷನ್ ವರ್ಷವಿಡೀ ಮಾಡಿಸಿದ್ದೂ ಉಂಟು. ಎಂಟು ಹತ್ತು ಮಷಿನ್ ಇರುವ ಶಾಪಿನಲ್ಲಿ ಬೆಳಿಗ್ಗೆ ಟೂಲ್ ಕಟ್ಟುತ್ತೀರಿ, ಮಧ್ಯಾಹ್ನ ಇನ್‌ಸ್ಪೆಕ್ಷನ್, ಸಂಜೆ ಫೌಂಡ್ರಿಗೆ ಹೋಗಿ ಬ್ಲೋ ಹೋಲ್ (ಗಾಳಿ ಸಿಕ್ಕು ಆದ ತೂತು) ಬಿದ್ದ ಕಾಸ್ಟಿಂಗ್ ವಾಪಸ್ ಕೊಟ್ಟು ಜಗಳ ಆಡಿ ಬರುತ್ತೀರಿ. ಪಗಾರ ಕಡಿಮೆ. ಆದರೂ ಮೊದಲ ಎರಡು ವರ್ಷಕ್ಕೆ ನನ್ನ ಓಟು ಸಣ್ಣ ಶಾಪಿಗೇ.

ಬಯೋಡೇಟಾವನ್ನು ಗೇಟಿನ ಸೆಕ್ಯುರಿಟಿ ಕೈಗೆ ಕೊಟ್ಟು ಬಂದರೆ ಅದು ಅಲ್ಲೇ ಉಳಿಯುತ್ತದೆ. ಶಿಫ್ಟ್ ಬಿಡುವ ಹೊತ್ತಿಗೆ ಮೂರನೇ ರೈಲ್ವೆ ಗೇಟ್ ಕಡೆಯ ಚಹಾದಂಗಡಿಯಲ್ಲಿ ನಿಲ್ಲಿ. ಯಾವ ಶಾಪಿಗೆ ಹೊಸ ಮಷಿನ್ ಬಂದಿದೆ, ಯಾರು ಕೆಲಸ ಬಿಟ್ಟರು, ಅಲ್ಲಿ ಎಲ್ಲ ಗೊತ್ತಾಗುತ್ತದೆ. ಅರ್ಧ ಮಾತು ಮರಾಠಿಯಲ್ಲಿ ಇರುತ್ತದೆ, ಅದಕ್ಕೆ ಹೆದರಬೇಡಿ. ಹೊಸ ಮಷಿನ್ ಬಂದ ಕಡೆ ಜನ ಬೇಕೇ ಬೇಕು.

ಕೆಲಸ ಕೊಡಿಸುತ್ತೇನೆ ಅಂತ ದುಡ್ಡು ಕೇಳುವವರನ್ನು ನಂಬಬೇಡಿ. ಸುಳ್ಳು ಅನುಭವ ಪತ್ರ ಬೇಡವೇ ಬೇಡ. ಪಿಎಫ್ ಖಾತೆಯಲ್ಲಿ ಎಲ್ಲಿ, ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಲ್ಲ ದಾಖಲಾಗುತ್ತದೆ. ಎರಡು ವರ್ಷ ದುಡಿದೆ ಅಂದವನ ಹೆಸರಿಗೆ ಅಲ್ಲಿ ಏನೂ ಇಲ್ಲದಿದ್ದರೆ ಅನುಮಾನ ಬರುತ್ತದೆ. ಯುವನಿಧಿ ಬಗ್ಗೆ ಕೇಳುವವರೂ ಇದ್ದಾರೆ. ಪಾಸಾಗಿ 180 ದಿನ ಕೆಲಸ ಸಿಗದ ಡಿಪ್ಲೊಮಾದವರಿಗೆ ತಿಂಗಳಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಬಸ್ಸಿನ ಖರ್ಚಿಗೆ ಆದೀತು. ಕೆಲಸಕ್ಕೆ ಸೇರಿದ ಮೇಲೆ ಅದು ನಿಲ್ಲುತ್ತದೆ.

ಇನ್ನು ಎರಡನೇ ಹೆದರಿಕೆ, ಪುಣೆಗೆ ಓಡುವುದು. ಅದನ್ನು ಅವರು ನೇರವಾಗಿ ಕೇಳುವುದಿಲ್ಲ. "ಎಲ್ಲಿ ಇರ್ತೀಯಪಾ?" ಅಂತ ಕೇಳುತ್ತಾರೆ. "ಬೈಲಹೊಂಗಲದಿಂದ ದಿನಾ ಬಸ್ಸಿಗೆ ಬರ್ತೀನ್ರಿ" ಅಂದರೆ ಅವರ ಕಣ್ಣ ಮುಂದೆ ಬರುವುದು ಬೆಳಿಗ್ಗೆ ಏಳರ ಶಿಫ್ಟಿಗೆ ಖಾಲಿ ನಿಂತ ಮಷಿನ್. ಹೋಗುವ ಮುಂಚೆ ಗೆಳೆಯರ ಜೊತೆ ಮಾತಾಡಿ, ಉದ್ಯಮಬಾಗದ ಹತ್ತಿರ ಒಂದು ಖೋಲಿ ನೋಡಿಡಿ. "ಇಲ್ಲೇ ಖೋಲಿ ಮಾಡೀನ್ರಿ, ನಡಕೋತ ಬರ್ತೀನಿ" ಅಂದರೆ ಮುಂದಿನ ಪ್ರಶ್ನೆ ಬಹುಶಃ "ನಾಳೆ ಬರ್ತೀಯೇನು?" ಅಂತಲೇ ಇರುತ್ತದೆ.